ಬಸವಣ್ಣನ ಕಿಲುಬು, ನನ್ನ ಹುಣಸೆಹಣ್ಣು

ಮನೆಗೆ ದೊಡ್ಡವರು ಬರುತ್ತಾರೆಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಧೈರ್ಯ ನನಗೆ ಹುಟ್ಟಿನಿಂದಲೇ ಇಲ್ಲ. ಅಜ್ಜಂಪುರದ ಶಾಲೆಗೆ ಇನ್‌ಸ್ಪೆಕ್ಟರು ಬರುವ ಮುನ್ನಾದಿನ ಹುಡುಗರ ಕಿವಿಯನ್ನೆಲ್ಲ ತೊಳೆಸಿದ ಮೇಷ್ಟರು ನಾನು.

ಚೌಳಹಿರಿಯೂರಿನ ರೈತ ಸಿದ್ದಪ್ಪ ತೆಂಗಿನ ಸಸಿಗೆ ಗುಂಡಿ ತೋಡುವಾಗ ಗೇಣುದ್ದದ ಹಳೆಯ ಲೋಹದ ಬಸವಣ್ಣನ ವಿಗ್ರಹ ಸಿಕ್ಕಿತು. ಮೈತುಂಬ ಹಸಿರು ಕಿಲುಬು. ಅದನ್ನು ಮಠದಲ್ಲಿ ಪೂಜೆಗೆ ಇಡಿಸಬೇಕೆಂಬುದು ಅವನ ಒಂದೇ ಆಸೆ. ಯಾವ ಯಾವ ಲೋಹ ಬೆರೆಸಿ ಎರೆದದ್ದೆಂದು ತಿಳಿಯುವ ಚಪಲ ನನ್ನದು. ಮೈಸೂರಿಗೆ ಕಾಗದ ಬರೆದು ರಸಾಯನಶಾಸ್ತ್ರದ ಪಂಡಿತರೊಬ್ಬರನ್ನು ಕರೆಸಿದೆ.

"ಮೇಷ್ಟ್ರೇ, ಒಂದು ಗೀರು ಬಿದ್ರೂ ಭಿನ್ನ ಆಗೋಯ್ತದೆ. ಆಮೇಲೆ ಪೂಜೆಗೆ ಇಡಂಗಿಲ್ಲ ಕಣ್ರೀ," ಎಂದ ಸಿದ್ದಪ್ಪ.

"ಪರೀಕ್ಷೆಗೆ ಸಾಸಿವೆಯಷ್ಟು ಕಿಲುಬು ಉದುರಿಸ್ಕೊಳ್ತಾರೆ, ಅಷ್ಟೇ ಕಣಪ್ಪಾ," ಎಂದು ಮಾತು ಕೊಟ್ಟು ಬಸವಣ್ಣನನ್ನು ನನ್ನ ಮನೆಯಲ್ಲಿಟ್ಟುಕೊಂಡೆ.

ಪಂಡಿತರು ರೈಲಿಳಿಯುವ ದಿನ ಬೆಳಿಗ್ಗೆ ಕೈ ತುರಿಸತೊಡಗಿತು. ಮೈಸೂರಿನವರಿಗೆ ಇಂಥ ಮಾಸಿದ ದೇವರನ್ನು ತೋರಿಸುವುದೇ? "ಹಂಗೇ ಇರ್ಲಿ ಬಿಡ್ರೀ," ಎಂದಳು ಹೆಂಡತಿ. ನಾನು ಕೇಳಬೇಕಲ್ಲ! ಮಡಕೆಯಲ್ಲಿ ಹುಣಸೆಹಣ್ಣು ಕಿವುಚಿಕೊಂಡು ತಿಕ್ಕಿದೆ, ತೋಳು ಸೋಲುವವರೆಗೂ ತಿಕ್ಕಿದೆ. ಬಸವಣ್ಣ ಮದುಮಗನ ಹಾಗೆ ಹೊಳೆದ.

ನೋಡಿದವರೇ ಪಂಡಿತರು ತಲೆಯ ಮೇಲೆ ಕೈ ಹೊತ್ತು ಕುಳಿತರು. "ಏನ್ರೀ ಮೇಷ್ಟ್ರೇ, ನೂರಾರು ವರ್ಷದ ಕಿಲುಬನ್ನ ಒಂದೇ ಬೆಳಿಗ್ಗೆ ತೊಳೆದುಬಿಟ್ರಲ್ಲ! ಇನ್ನು ಲೋಹವನ್ನೇ ಕೊರೀಬೇಕು." ಪಂಡಿತರನ್ನು ಕಾಣಲು ಬಂದಿದ್ದ ಸಿದ್ದಪ್ಪ ಬಸವಣ್ಣನನ್ನು ತನ್ನ ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಳ್ಳತೊಡಗಿದ. ನನಗೆ ಅವನ ಮುಖ ನೋಡಲಾರದಷ್ಟು ನಾಚಿಕೆಯಾಯಿತು.

ಆಗ ಹೆಂಡತಿ ಒಳಗಿನಿಂದ ಅದೇ ಮಡಕೆಯನ್ನು ತಂದಿಟ್ಟಳು. "ದೇವರ ಮೈ ತೊಳೆದ ನೀರು, ತುಳಿಯೋ ಕಡೆ ಚೆಲ್ಲಬಾರ್ದು ಅಂತ ಎತ್ತಿಟ್ಟಿದ್ದೆ. ಕಿಲುಬೆಲ್ಲ ಇದ್ರಲ್ಲೇ ಇರ್ಬೇಕಲ್ವಾ?"

ಪಂಡಿತರು ಎದ್ದು ಮಡಕೆಯನ್ನು ತಟ್ಟಿ ನೋಡಿದರು. "ಮಣ್ಣಿನದು, ಬದುಕಿದೆ. ತಾಮ್ರದ್ದಾಗಿದ್ರೆ ಅದ್ರ ತಾಮ್ರನೂ ಹುಳಿಗೆ ಬೆರೆತು ಎಲ್ಲ ಕೆಡ್ತಿತ್ತು. ಇಷ್ಟು ಸಾಕು ಕಣಮ್ಮ," ಎಂದು ಆ ಹುಳಿನೀರನ್ನು ಸೀಸೆಗೆ ಬಗ್ಗಿಸಿಕೊಂಡರು.

ತಿಂಗಳೊಪ್ಪತ್ತಿಗೆ ಕಾಗದ ಬಂತು: ತಾಮ್ರ, ತವರ, ಒಂದಿಷ್ಟು ಸೀಸ. ಒಂದು ಗೀರೂ ಬೀಳದೆ ಬಸವಣ್ಣ ಮಠ ಸೇರಿದ. ಸಿದ್ದಪ್ಪ ಸಂತೋಷಕ್ಕೆ ಅತ್ತೇಬಿಟ್ಟ. ನನ್ನ ಕಣ್ಣೂ ಒದ್ದೆಯಾಯಿತು. ಕಾಗದದ ಕೊನೆಯಲ್ಲಿ ಮೇಷ್ಟರಿಗೆ ವಂದನೆಗಳು ಎಂದಿತ್ತು. ಅದನ್ನು ಹೆಂಡತಿಗೆ ಕೇಳಿಸುವಂತೆ ಮೂರು ಸಲ ಗಟ್ಟಿಯಾಗಿ ಓದಿದೆ.

ಅವಳು ಹಬ್ಬದ ಮುನ್ನಾದಿನ ಮನೆಯ ಹಿತ್ತಾಳೆ, ತಾಮ್ರವನ್ನೆಲ್ಲ ನನ್ನ ಮುಂದೆ ರಾಶಿ ಹಾಕಿ, ಅದೇ ಮಡಕೆಯಲ್ಲಿ ಹುಣಸೆಹಣ್ಣು ನೆನೆಸಿಟ್ಟಳು.

"ಈಗ ತಿಕ್ರೀ," ಎಂದಳು. "ಇವನ್ನ ನೋಡೋಕೆ ಮೈಸೂರಿಂದ ಯಾರೂ ಬರಲ್ಲ."