ಅತ್ತೆಯೂ ತಗಡಿನ ಬೇಲಿಯೂ

ನಮ್ಮ ಅತ್ತೆಯಷ್ಟು ಸುಳ್ಳು ಹೇಳುವವರು ಕಬಿನಿಯ ಈ ವಯನಾಡಿನ ದಡದಲ್ಲಿ ಇನ್ನೊಬ್ಬರಿಲ್ಲ. ಆಚೆ ದಡ ಕರ್ನಾಟಕಕ್ಕೆ ಸೇರಿದ್ದು, ಅಲ್ಲಿಯ ವಿಷಯ ನನಗೆ ಗೊತ್ತಿಲ್ಲ. ಆದರೆ ಸ್ವಂತ ಲಾಭಕ್ಕೆಂದು ಅವಳು ಒಂದು ಸುಳ್ಳನ್ನೂ ಹೇಳಿದವಳಲ್ಲ. ಅವಳದ್ದೆಲ್ಲ ಸಾರ್ವಜನಿಕ ಹಿತದ ಸುಳ್ಳು!

ಶುರುವಾದದ್ದು ಶಾಲೆಯಿಂದ. ಮಕ್ಕಳಿಲ್ಲವೆಂದು ನಮ್ಮೂರ ಸರ್ಕಾರಿ ಶಾಲೆ ಮುಚ್ಚಿ ವರ್ಷಗಳೇ ಆದವು. ಆದರೂ ಕಟ್ಟಡಕ್ಕೆ ಕೆಲಸವಿತ್ತು. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ದಡದ ಮನೆಯವರು ಚಾಪೆ, ಕೋಳಿ, ರೇಷನ್ ಕಾರ್ಡು ಹೊತ್ತು ಹೋಗಿ ಮಲಗುತ್ತಿದ್ದದ್ದು ಅಲ್ಲೇ. ಹೋದ ಬೇಸಿಗೆಯ ಒಂದು ಬೆಳಿಗ್ಗೆ ನೋಡಿದರೆ ಅದರ ಸುತ್ತ ಆಳೆತ್ತರದ ತಗಡಿನ ಬೇಲಿ, ಒಳಗೆ ಕುಟ್ಟುವ ಸದ್ದು. ಏನು ಕಟ್ಟುತ್ತಿದ್ದಾರೆ? ಹೊಳೆ ಬಂದರೆ ಜನ ಎಲ್ಲಿಗೆ ಹೋಗಬೇಕು? ದಿಬ್ಬದ ಮೇಲೆ ಬೆಚ್ಚಗಿರುವ ಅತ್ತೆಗೆ ಈ ಚಿಂತೆ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿ ಬೈಸಿಕೊಂಡಿದ್ದೇನೆ.

ಅತ್ತೆ ಮೊದಲು ನ್ಯಾಯವಾಗಿಯೇ ವಿಚಾರಿಸಿದಳು. ವಾರ್ಡ್ ಮೆಂಬರು "ಅಭಿವೃದ್ಧಿ, ಅಮ್ಮಾ" ಎಂದರು.

"ಯಾವ ಅಭಿವೃದ್ಧಿ?"

"ಪ್ಲಾನ್ ಇದೆ."

"ಎಲ್ಲದೆ?"

"ಬ್ಲಾಕ್ ಆಫೀಸಲ್ಲಿ."

ಬ್ಲಾಕಿನವರು ಜಿಲ್ಲೆಗೆ ಕಳಿಸಿದರು. ಜಿಲ್ಲೆಯವರು, ನಿಮ್ಮ ಮೆಂಬರನ್ನೇ ಕೇಳಿ ಎಂದರು. ಹೀಗೆ ಬಸ್ಸಿನಲ್ಲಿ ಇಡೀ ವಯನಾಡು ನೋಡಿ ಬಂದ ಅತ್ತೆ, ಹಾಲಿಲ್ಲದ ಕಟ್ಟನ್ ಚಾಯ ಕುಡಿಯುತ್ತಾ ನನಗೆ ಹೊಸ ಸಿದ್ಧಾಂತ ಬೋಧಿಸಿದಳು. "ಕೇಳುದ್ರೆ ಯಾರೂ ಹೇಳಕಿಲ್ಲ ಮಗಾ. ತಪ್ಪು ಹೇಳ್ಬೇಕು. ತಿದ್ದಕ್ಕೆ ಓಡಿ ಬತ್ತಾರೆ."

ಮರುದಿನ ಪುಲ್ಪಳ್ಳಿ ಬಸ್ಸಿನಲ್ಲಿ, ಶಾಲೆಗೆ ಪುಂಡಾನೆ ಪಳಗಿಸುವ ಕೇಂದ್ರ ಬರುತ್ತದಂತೆ ಎಂದುಬಿಟ್ಟಳು. ಬಸ್ಸು ನಿಲ್ಲುವಷ್ಟರಲ್ಲಿ ಜನ ಆನೆಗೆ ಹೆಸರೂ ಇಟ್ಟಾಗಿತ್ತು. ಸಂಜೆಗೆ ಮೆಂಬರು ಬೆವರುತ್ತಾ ಬಂದರು.

"ಅಮ್ಮಾ, ಆನೆ ಅಲ್ಲ."

"ಹಂಗಾದ್ರೆ ಏನು?"

"ಅದು... ಆನೆ ಅಲ್ಲ."

ಅತ್ತೆಗೆ ಪರಮ ತೃಪ್ತಿ. ಒಂದು ಪ್ರಾಣಿಯಾದರೂ ಕಳೆಯಿತಲ್ಲ! ಮುಂದಿನ ವಾರ ಸ್ಮಶಾನ ಎಂದಳು. ಅದೂ ಅಲ್ಲವೆಂದು ಖಚಿತವಾಯಿತು. ಈ ವೇಗದಲ್ಲಿ ಸತ್ಯ ಸಿಗುವ ಹೊತ್ತಿಗೆ ನನಗೆ ಅರವತ್ತು ತುಂಬಿರುತ್ತಿತ್ತು.

ಕೊನೆಗೆ ಸರ್ಕಾರಿ ಬ್ರಾಂಡಿ ಅಂಗಡಿ ಎಂದಳು. ಮೆಂಬರು ಎಷ್ಟು ಅಲ್ಲಗಳೆದರೂ ಇದನ್ನು ಮಾತ್ರ ಯಾರೂ ಬಿಟ್ಟುಕೊಡಲಿಲ್ಲ. ಸಂಜೆಯಾದರೆ ಕುಡಿಯಲು ದೋಣಿ ಹತ್ತಿ ಆಚೆ ದಡಕ್ಕೆ ಹೋಗುತ್ತಿದ್ದ ಗಂಡಸರಿಗೆಲ್ಲ ಊರಿನ ಅಭಿವೃದ್ಧಿಯಲ್ಲಿ ಒಮ್ಮೆಲೇ ಆಸಕ್ತಿ ಹುಟ್ಟಿತು. ಆ ಸಲದ ಗ್ರಾಮಸಭೆಗೆ ಕುರ್ಚಿ ಸಾಲಲಿಲ್ಲ. ಅಷ್ಟು ಜನ ಒಟ್ಟಿಗೆ ಕೇಳಿದ ಮೇಲೆ ಮೆಂಬರು ನಕ್ಷೆ ಬಿಚ್ಚಲೇಬೇಕಾಯಿತು. ಪ್ರವಾಸಿಗರು ತಂಗುವ ಕೋಣೆಗಳು. ನಡೆಸುವವರು ಖಾಸಗಿಯವರು. ಕರಾರಿಗೆ ಸಹಿ ಬಿದ್ದು ಎಷ್ಟೋ ಕಾಲವಾಗಿತ್ತು.

ಗಂಡಸರು ಮುಖ ಸಪ್ಪೆ ಮಾಡಿಕೊಂಡು ಎದ್ದು ಹೊರಟರು. ಅತ್ತೆ ಮಾತ್ರ ಅಲ್ಲೇ ನಿಂತು ಕೇಳಿದಳು.

"ಹೊಳೆ ಬಂದ್ರೆ ದಡದೋರು ಎಲ್ಲೋಗ್ಬೇಕು?"

"ಬಂದಾಗ ನೋಡೋಣ, ಅಮ್ಮಾ."

ಮನೆಯವರೆಗೂ ಅತ್ತೆ ಒಂದು ಸುಳ್ಳನ್ನೂ ಹೇಳಲಿಲ್ಲ. ನನಗೆ ಭಯವಾಯಿತು.

ಮಳೆಗೆ ಇನ್ನೂ ಸ್ವಲ್ಪ ದಿನವಿತ್ತು. ಒಂದು ಮಧ್ಯಾಹ್ನ ಅವಳ ಮನೆಗೆ ಹೋದರೆ, ಕಾಫಿ ಮೂಟೆ ತುಂಬಿಡುವ ದೊಡ್ಡ ಕೋಣೆ ಖಾಲಿಯಾಗಿತ್ತು. ಮೂಟೆಗಳೆಲ್ಲ ಅವಳು ಮಲಗುವ ಕೋಣೆಗೆ ಬಂದು ಕೂತಿದ್ದವು. ಖಾಲಿ ಕೋಣೆಗೆ ಸುಣ್ಣ ಬಳಿದಾಗಿತ್ತು, ಒಂದು ಮೂಲೆಯಲ್ಲಿ ಹೊಸ ಚಾಪೆಗಳಿದ್ದವು. ಮೇಸ್ತ್ರಿ ಹೊಳೆಯ ಕಡೆಯ ಗೋಡೆ ಒಡೆದು ಈ ಮೂಲೆಯಿಂದ ಆ ಮೂಲೆಯವರೆಗೆ ಕಿಟಕಿ ಕೂರಿಸುತ್ತಿದ್ದ.

"ಇಷ್ಟು ದೊಡ್ಡ ಕಿಟಕಿ ಯಾಕತ್ತೆ? ಎರಚಲು ಹೊಡೀತದೆ."

"ಹೊಡೀಲಿ. ಹೊಳೆ ಏರ್ತಾ ಅದೋ ಇಳೀತಾ ಅದೋ ಒಳಗಿರೋರಿಗೆ ಕಾಣ್ಬೇಕು ಮಗಾ. ಅದನ್ನೂ ಯಾರನ್ನೋ ಕೇಳ್ಕಂಡು ಕೂರಂಗಾಗ್ಬಾರ್ದು."

ಅಷ್ಟು ದಿನ ನಗುತ್ತಿದ್ದ ನನಗೆ ಕಣ್ಣು ತುಂಬಿ ಬಂತು. ಅವಳ ಕೈಯಲ್ಲಿದ್ದ ಸಿಮೆಂಟಿನ ಬಾಂಡ್ಲಿ ಇಸಿದುಕೊಂಡು ಮೇಸ್ತ್ರಿಗೆ ಕೊಟ್ಟೆ.