ಹಿತ್ತಾಳೆ ಗುಂಡಿಯ ಕೋಟು

ತಪ್ಪೆಲ್ಲ ಆ ಕೋಟಿನದು. ಕಾಡಿನ ನಡುವೆ ಬೆಟ್ಟ ಹತ್ತುವ ‘ಹಳೆಗಾಲದ ರೈಲಿ’ಗೆ ಎಲ್ಲರೂ ನೂರು ವರ್ಷ ಹಿಂದಿನ ವೇಷದಲ್ಲೇ ಬರಬೇಕೆಂಬ ನಿಯಮ. ನಮ್ಮ ಚಪ್ಪಲಿ ಅಂಗಡಿಯವನು ಬಾಡಿಗೆ ವೇಷ ತರಲು ಹೋಗುವಷ್ಟರಲ್ಲಿ ರಾಜ, ಜಮೀನ್ದಾರ, ಬೇಟೆಗಾರ ಎಲ್ಲ ಖಾಲಿ. ಬೇಟೆಗಾರನನ್ನು ಹೊತ್ತುಕೊಂಡು ಹೋದವನು ಅವನ ಭಾಮೈದನೇ. ಉಳಿದಿದ್ದು ಹಿತ್ತಾಳೆ ಗುಂಡಿಯ ಗಾರ್ಡು ಕೋಟು, ಟೋಪಿ, ಜೊತೆಗೊಂದು ಸೀಟಿ.

ವಾರವೆಲ್ಲ ಗಿರಾಕಿಗಳ ಕಾಲಬುಡದಲ್ಲಿ ಕೂತು “ಬಂದೆ ಸಾರ್” ಅನ್ನುವ ಬಡಪಾಯಿ. ಇವತ್ತೊಂದು ದಿನ ಯಾರ ಅಪ್ಪಣೆಯೂ ಇಲ್ಲದೆ ಮಗಳ ಪಕ್ಕ ಕೂತು ಜಲಪಾತ ನೋಡಬೇಕು, ಅಷ್ಟೇ ಅವನ ಆಸೆ. ಮಗಳಿಗೆ ಮಾತೂ ಕೊಟ್ಟಿದ್ದ.

ಹತ್ತುವಾಗ ಅವಳನ್ನು ನಗಿಸಲೆಂದು ಸೀಟಿ ಊದಿದ. ಸರಿಯಾಗಿ ಆಗಲೇ ರೈಲು ಹೊರಟಿತು. ಅಪ್ಪ ಮಗಳಿಬ್ಬರೂ ಬಿದ್ದು ಬಿದ್ದು ನಕ್ಕರು.

ಇನ್ನೂ ಕೂತಿರಲಿಲ್ಲ, “ಏನ್ರೀ ಗಾರ್ಡೇ, ಈ ಕಿಟಕಿ ಏಳ್ತಿಲ್ಲ!” ಎಂದು ಮಹಾರಾಣಿ ವೇಷದ ಅಜ್ಜಿಯೊಬ್ಬಳು ಕೂಗಿದಳು.

ನಾನು ಗಾರ್ಡಲ್ಲ ಅನ್ನಬೇಕಿತ್ತು. ಪಳಗಿದ ನಾಲಿಗೆ “ಬಂದೆ ಅಮ್ಮಾ” ಅಂದುಬಿಟ್ಟಿತು.

ಅಲ್ಲಿಗೆ ಮುಗಿಯಿತು. ಕಿಟಕಿ ಎತ್ತಿದವನು ಪೆಟ್ಟಿಗೆಗಳನ್ನೂ ಎತ್ತಬೇಕಾಯಿತು. ಸೀಟಿನ ಜಗಳ ಬಿಡಿಸಲು ಹೋದರೆ ಎರಡೂ ಕಡೆಯವರು ಅವನನ್ನೇ ಬೈದರು. “ನಾನು ಗಾರ್ಡಲ್ಲ ರೀ!” ಅಂದದ್ದಕ್ಕೆ, “ಕೆಲಸ ಬಂದಾಗ ಎಲ್ಲರೂ ಹೀಗೇ ಜಾರ್ಕೊಳ್ಳೋದು” ಎಂಬ ಉತ್ತರ ಬಂತು. ಭಾಮೈದನಂತೂ ಮರದ ಬಂದೂಕು ಹೆಗಲಿಗೇರಿಸಿ, “ಭಾವ, ಟೋಪಿ ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಹಾಗೇ ನನಗೊಂದು ಲೋಟ ನೀರು!” ಅಂದ.

ಹೇಗೋ ತಪ್ಪಿಸಿಕೊಂಡು ಬಂದು ನೋಡಿದರೆ ಅವನ ಜಾಗದಲ್ಲಿ ಬರೀ ಅಂಗಿಯ ದಪ್ಪ ಮೀಸೆಯವನೊಬ್ಬ ಆರಾಮಾಗಿ ಕೂತು ಮಗಳಿಗೆ ಜಿಂಕೆ ತೋರಿಸುತ್ತಿದ್ದ.

“ರೈಲು ನಿಮ್ಮಪ್ಪಂದು ಅನ್ನೋ ಹಾಗೆ ಓಡಾಡ್ತಿದ್ದೀರಲ್ಲ, ಒಂದ್ಕಡೆ ಕೂತ್ಕೋಬಾರದಾ?” ಎಂದು ಹೆಂಡತಿ ರೇಗಿದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ “ಗಾರ್ಡೇ!”

ಜಲಪಾತ ಬಂದಾಗ ಅವನು ಚಿಲಕ ಸಿಕ್ಕಿಕೊಂಡ ಶೌಚಾಲಯದ ಹೊರಗೆ ನಿಂತು ಒಳಗಿದ್ದವರಿಗೆ ಧೈರ್ಯ ಹೇಳುತ್ತಿದ್ದ. ಇಡೀ ರೈಲು “ಓಹೋ!” ಅಂದದ್ದು ಮಾತ್ರ ಕೇಳಿಸಿತು. ಅವನಿಗೆ ಅಳುವೇ ಬಂತು.

ತುದಿಯ ನಿಲ್ದಾಣದಲ್ಲಿ ಅವನ ಸಹನೆಯ ಕಟ್ಟೆ ಒಡೆಯಿತು. ದಪ್ಪ ಮೀಸೆಯವನ ಎದುರು ಹೋಗಿ ನಿಂತ. “ಯಾರ್ರೀ ನೀವು? ನನ್ನ ಸೀಟಲ್ಲಿ ಯಾಕ್ರೀ ಕೂತಿದ್ದೀರಿ?”

“ನಾನಾ? ಈ ರೈಲಿನ ಗಾರ್ಡು.”

“ಆಂ?”

“ಬೆಳಿಗ್ಗೆ ನೀವು ಸೀಟಿ ಊದಿದ್ರಲ್ಲ, ಅಂತೂ ಆಫೀಸಿನವರು ನನಗೊಬ್ಬ ಬದಲಿ ಕಳಿಸಿದ್ರು ಅಂತ ಕೋಟು ಬಿಚ್ಚಿಟ್ಟೆ. ಈ ರೈಲಲ್ಲೇ ನನ್ನ ಕೂದಲು ಹಣ್ಣಾಯ್ತು ಸ್ವಾಮಿ. ಆ ಜಲಪಾತ ಕೂತು ನೋಡಿದ್ದು ಇವತ್ತೇ!” ಹೇಳುತ್ತ ಅವನ ಕಣ್ಣು ತೇವವಾಯಿತು. ಇದು ಬರೀ ಬಾಡಿಗೆ ವೇಷ ಎಂದು ತಿಳಿದ ಮೇಲೆ ಗಾರ್ಡು ನಾಚಿಕೊಂಡು ಎದ್ದ. “ಛೆ, ತಪ್ಪಾಯ್ತು. ವಾಪಸ್ ಹೋಗುವಾಗ ನೀವು ಕೂತ್ಕೊಳ್ಳಿ. ಜಲಪಾತ ಮತ್ತೆ ಸಿಗುತ್ತೆ.”

ಚಪ್ಪಲಿ ಅಂಗಡಿಯವನಿಗೆ ಹೋದ ಜೀವ ಬಂದಂತಾಯಿತು. ಸರಸರನೆ ಗುಂಡಿ ಬಿಚ್ಚತೊಡಗಿದ.

ಮಗಳು ಕೋಟು ಜಗ್ಗಿದಳು. “ಬಿಚ್ಚಬೇಡ ಅಪ್ಪಾ! ನಮ್ಮಪ್ಪ ಸೀಟಿ ಊದಿದ್ರೇ ರೈಲು ಹೊರಡೋದು ಅಂತ ಎಲ್ಲರಿಗೂ ಹೇಳಿದ್ದೀನಿ. ಇನ್ನೊಂದ್ಸಲ ಊದಪ್ಪಾ. ಈ ಮಾಮ ಕಿಟಕಿ ಹತ್ರ ಕೂತ್ಕೊಳ್ಳಲಿ.”

ಇಷ್ಟು ಹೆಮ್ಮೆಯಿಂದ ಅವನನ್ನು ಈವರೆಗೆ ಯಾರೂ ನೋಡಿರಲಿಲ್ಲ. ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡ. ಗಾರ್ಡು ಬೇಡ ಬೇಡ ಅನ್ನುತ್ತಲೇ ಕಿಟಕಿಯ ಪಕ್ಕ ಕೂತೇಬಿಟ್ಟ.

ಚಪ್ಪಲಿ ಅಂಗಡಿಯವನು ಎದೆಯುಬ್ಬಿಸಿ ಸೀಟಿ ಊದಿದ. ರೈಲು ನಿಜವಾಗಿಯೂ ಹೊರಟಿತು.

“ಗಾರ್ಡೇ, ಕಿಟಕಿ ಈಗ ಇಳೀತಿಲ್ಲ!” ಎಂದು ಮಹಾರಾಣಿ ಕೂಗಿದಳು.

“ಬಂದೆ ಅಮ್ಮಾ!”