ಚಳಿಗಾಲವಿಲ್ಲದ ದೇಶದಲ್ಲಿ ಡೀಸೆಲ್ ಲಾರಿಗೆ ಚಳಿ

ಹಳೆಯ ಡೀಸೆಲ್ ಲಾರಿಗಳನ್ನು ನೋಡಿಕೊಳ್ಳುವವನಿಗೆ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ಕೊರೊನಾ ಕಾಲದಲ್ಲಿ ಅದು ವಾರಕ್ಕೆ ಮೂರಾಯಿತು. ಪರದೇಶದ ಪೆಟಾಲಿಂಗ್ ಜಯಾ ಊರಿನ ಒಂದು ತರಕಾರಿ ಸಾಗಣೆ ಕಂಪನಿಯಲ್ಲಿ ನನಗೆ ಆ ಕೆಲಸ. ಇಪ್ಪತ್ತು ವರ್ಷ ದಾಟಿದ ಒಂದು ಲಾರಿ ಲಾಕ್‌ಡೌನಿನಲ್ಲಿ ಎರಡು ತಿಂಗಳು ನಿಂತು, ಆಮೇಲೆ ಸ್ಟಾರ್ಟೇ ಆಗಲಿಲ್ಲ. ಮಾಲೀಕರು ಗುಜರಿಗೆ ಹಾಕೋಣ ಎಂದರು. ಲಾರಿ ಹೋದರೆ ಅದನ್ನು ಓಡಿಸುವ ತಮಿಳಣ್ಣನ ಕೆಲಸವೂ ಹೋಗುತ್ತಿತ್ತು. ಒಂದು ವಾರ ಕೊಡಿ ಎಂದೆ. ಕೊಟ್ಟರು.

೧. ಕಳ್ಳ

ಗ್ಯಾರೇಜುಗಳು ಮುಚ್ಚಿದ್ದವು. ಮಂಗಳೂರಿನಲ್ಲಿ ಆಯುಷ್ಯವಿಡೀ ಬಸ್ ರಿಪೇರಿ ಮಾಡಿದ ಸೋದರಮಾವನಿಗೆ ವಿಡಿಯೋ ಕಾಲ್ ಮಾಡಿದೆ. ಡೀಸೆಲ್ ಫಿಲ್ಟರಿನ ತಳದ ತಿರುಪು ಬಿಚ್ಚಲು ಹೇಳಿದರು. ಬಂದದ್ದು ನೀರು. ಟ್ಯಾಂಕ್ ಖಾಲಿ ಬಿಟ್ಟು ನಿಲ್ಲಿಸಿದರೆ ಒಳಗಿನ ಗಾಳಿಯ ತೇವವೇ ನೀರಾಗುತ್ತದೆ, ತುಂಬಿಸಿ ನಿಲ್ಲಿಸಬೇಕಿತ್ತು ಎಂದರು. ಡೀಸೆಲ್ ಕದಿಯುತ್ತಾರೆಂದು ಮಾಲೀಕರೇ ಖಾಲಿ ಮಾಡಿಸಿದ್ದರು ಎಂದೆ.

ಮಾವ ಹೇಳಿದರು: "ಕಳ್ಳನೇ ಒಳ್ಳೆದಿತ್ತು ಮಾರಾಯ. ಅವ ತಕೊಂಡು ಹೋಗ್ತಿದ್ದ, ನೀರು ಹಾಕಿ ಹೋಗ್ತಿರ್ಲಿಲ್ಲ."

೨. ಅಂತರ

ನೀರು ಹೋಯಿತು, ಪೈಪಿನಲ್ಲಿ ಗಾಳಿ ಸೇರಿತು. ಅದನ್ನು ತೆಗೆಯಲು ಒಬ್ಬ ಕೈಪಂಪು ಒತ್ತಬೇಕು, ಇನ್ನೊಬ್ಬ ಡೀಸೆಲಿನಲ್ಲಿ ಗುಳ್ಳೆ ನಿಲ್ಲುವವರೆಗೆ ನೋಡಬೇಕು. ಕಂಪನಿಯ ಸುರಕ್ಷತಾ ಅಧಿಕಾರಿ ಟೇಪು ಹಿಡಿದು ಅಳೆದು, ಡ್ರೈವರ್ ಅಣ್ಣನನ್ನು ಒಂದು ಮೀಟರ್ ಆಚೆ ನಿಲ್ಲಿಸಿದರು. ಅಣ್ಣನ ಬಾಯಿಗೆ ಮಾಸ್ಕು, ಮುಖಕ್ಕೆ ಪ್ಲಾಸ್ಟಿಕ್ ಶೀಲ್ಡು. ಗುಳ್ಳೆ ನಿಂತಿತಾ ಎಂದು ಕೇಳಿದಾಗಲೆಲ್ಲ ಅಣ್ಣ ಇಲ್ಲ ಎಂದರು. ಮುಕ್ಕಾಲು ಗಂಟೆ ನಾನು ಪಂಪು ಒತ್ತಿದೆ. ಕೊನೆಗೆ ಅವರು ಶೀಲ್ಡು ತೆಗೆದು ಒರೆಸಿಕೊಂಡರು.

"ಅದು ಯಾವಾಗಲೋ ನಿಂತಿದೆ ಸಾರ್. ನಾನು ನೋಡ್ತಿದ್ದದ್ದು ನನ್ನ ಉಸಿರಿನ ಹನಿ."

೩. ಜ್ವರ

ಲಾರಿ ಸ್ಟಾರ್ಟ್ ಆಯಿತು. ಮಾಲೀಕರು ಒಂದು ಪರೀಕ್ಷೆ ಇಟ್ಟರು: ಇಲ್ಲೇ ಕೆಲವು ಗಂಟೆ ದೂರದ ಕ್ಯಾಮರೂನ್ ಬೆಟ್ಟದಿಂದ ಎಲೆಕೋಸು ತುಂಬಿಕೊಂಡು ಮರುದಿನ ಮಧ್ಯಾಹ್ನದೊಳಗೆ ಬರಬೇಕು, ಇಲ್ಲವಾದರೆ ಗುಜರಿ. ಅಣ್ಣನ ಜೊತೆ ನಾನೂ ಹೋದೆ. ತುಂಬಿಸಿ ರಾತ್ರಿ ಅಲ್ಲಿನ ತರಕಾರಿ ಗೋದಾಮಿನ ಒಳಗೇ ನಿಲ್ಲಿಸಿದ್ದೆವು. ಬೆಳಗ್ಗೆ ಆರಕ್ಕೆ ಎಂಜಿನ್ ಎರಡು ಸುತ್ತು ತಿರುಗಿ ಸುಮ್ಮನಾಯಿತು. ಇಲ್ಲಿನ ಡೀಸೆಲಿನಲ್ಲಿ ತಾಳೆ ಎಣ್ಣೆ ಬೆರೆಸುತ್ತಾರೆ. ಬೆಟ್ಟದ ಚಳಿಗೆ ಅದು ಮೇಣದಂತೆ ಫಿಲ್ಟರಿನಲ್ಲಿ ಕಟ್ಟಿಕೊಂಡಿತ್ತು. ಬಿಸಿನೀರಿನ ಬಟ್ಟೆ ಸುತ್ತಿ ಎಂದರು ಫೋನಿನಲ್ಲಿ ಮಾವ. ಎದುರಿನ ಮಾಮಾಕ್ ಚಹಾ ಅಂಗಡಿಯಿಂದ ಬಿಸಿನೀರು ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದು ಸುತ್ತಿದೆವು.

ಫಿಲ್ಟರ್ ಬಿಸಿಯಾಯಿತೋ ಇಲ್ಲವೋ ತಿಳಿಯಲು ಅಣ್ಣ ಗೇಟಿನ ಕಾವಲುಗಾರನ ಹಣೆಗೆ ಹಿಡಿಯುವ ಥರ್ಮಾಮೀಟರ್ ಕೇಳಿದರು. ಆತ ನಿಯಮದ ಮನುಷ್ಯ, ಕೈಗೆ ಕೊಡಲಿಲ್ಲ. ತಾನೇ ಬಂದು ಫಿಲ್ಟರಿಗೆ ಹಿಡಿದ. ನಲವತ್ತೊಂದು.

"ಮೂವತ್ತೇಳೂವರೆ ದಾಟಿದರೆ ಒಳಗೆ ಇರುವ ಹಾಗಿಲ್ಲ ಲಾ. ಕೂಡಲೇ ಹೊರಗೆ."

ಎಂಜಿನ್ ಸ್ಟಾರ್ಟ್ ಆಯಿತು. ಅವನೇ ನಮ್ಮ ಮುಂದೆ ಸಾಲುಗಟ್ಟಿದ್ದ ಐದು ಹೊಸ ಲಾರಿಗಳನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಟ್ಟ. ಹನ್ನೊಂದೂವರೆಗೆ ಪೆಟಾಲಿಂಗ್ ಜಯಾ ತಲುಪಿದೆವು. ಲಾರಿಯೂ ಉಳಿಯಿತು, ಅಣ್ಣನೂ ಉಳಿದರು.

ಬೆಟ್ಟದಿಂದ ಹೊರಡುವ ಮುಂಚೆ ಕಾವಲುಗಾರನ ಜ್ವರದ ರಿಜಿಸ್ಟರಿಗೆ ಸಹಿ ಬೇಕಾಗಿತ್ತು. ರೋಗಿ ನಿಮಗೆ ಏನಾಗಬೇಕು ಎಂಬ ಜಾಗದಲ್ಲಿ ಅಣ್ಣ ಸ್ವಲ್ಪ ಯೋಚಿಸಿ, ತಮ್ಮ ಎಂದು ಬರೆದರು.